ಪುಸ್ತಕದಿಂದ ಪುಸ್ತಕಕ್ಕೆ

ಊರಿನ ಗ್ರಂಥಾಲಯಕ್ಕೆ ಸಂಜೆಯ ಹೊತ್ತು ಹೋಗಿ ಒಂದು ಮೂಲೆಯಲ್ಲಿ ಕುಳಿತು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಳಗೆ ಬಂದ ಓದುಗರು ಬಹುಮಟ್ಟಿಗೆ ದಿನವೂ ಒಂದೇ ಕಪಾಟಿನ ಮುಂದೆ ನಿಲ್ಲುತ್ತಾರೆ. ಪತ್ತೇದಾರಿ ಕಾದಂಬರಿಯ ರುಚಿ ಹತ್ತಿದವರು ಆ ಸಾಲನ್ನು ಬಿಟ್ಟು ಕದಲುವುದಿಲ್ಲ. ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಕಾವ್ಯದ ಕಪಾಟು ಎಲ್ಲಿದೆಯೆಂಬುದೇ ತಿಳಿದಿರುವುದಿಲ್ಲ. ವಿದ್ಯಾರ್ಥಿಗಳಂತೂ ಪರೀಕ್ಷೆಗೆ ಬೇಕಾದ ಪುಸ್ತಕವನ್ನು ಕೇಳಿ ಪಡೆದು, ಅಕ್ಕಪಕ್ಕದ ಪುಸ್ತಕಗಳ ಕಡೆ ಕಣ್ಣೆತ್ತಿಯೂ ನೋಡದೆ ಹೊರಟುಬಿಡುತ್ತಾರೆ. ಹುಟ್ಟಿದಂದಿನಿಂದ ಒಂದೇ ಬಾವಿಯ ನೀರನ್ನು ಕುಡಿದವರಿಗೆ ಆ ನೀರಿನ ರುಚಿಯೇ ನೀರಿನ ರುಚಿ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ನಷ್ಟವುಂಟು. ಆ ನಷ್ಟವನ್ನು ತುಂಬಿಕೊಳ್ಳುವ ದಾರಿ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು, ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಚೀಟಿಯನ್ನು ನೋಡಿರಿ. ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಅನೇಕ ಗ್ರಂಥಾಲಯಗಳಲ್ಲಿ ಇದು ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕನು 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯ ಸಂಖ್ಯೆ. ಮನುಷ್ಯನ ಅರಿವನ್ನೆಲ್ಲ ಆತನು ಹತ್ತು ದೊಡ್ಡ ಭಾಗಗಳಾಗಿ ವಿಂಗಡಿಸಿದನು. 500ರಿಂದ ಆರಂಭವಾಗುವುದು ಶುದ್ಧ ವಿಜ್ಞಾನ, 800ರಿಂದ ಸಾಹಿತ್ಯ, 900ರಿಂದ ಚರಿತ್ರೆ ಮತ್ತು ಭೂಗೋಳ. ಜನಪದ ಕಥೆಗಳು 398ರಲ್ಲಿವೆ. ಅಡುಗೆಯ ಪುಸ್ತಕಗಳು 641ರಲ್ಲಿವೆ. ನಮ್ಮ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ದೊರೆತಿದೆ. ಈ ಅಂಕಿಗಳ ಗುಟ್ಟನ್ನು ಅರಿತವರಿಗೆ ಗ್ರಂಥಾಲಯವು ಗುರುತಿನ ಬೀದಿಗಳುಳ್ಳ ಊರಾಗುತ್ತದೆ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಹೊಸ ರೂಪವನ್ನು ಕೊಟ್ಟವರು ಎಸ್. ಆರ್. ರಂಗನಾಥನ್. ಅವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಅವರು 1931ರಲ್ಲಿ ಪ್ರಕಟಿಸಿದರು. ಓದುಗನೊಬ್ಬನಿಗೆ ತಕ್ಕ ಪುಸ್ತಕ ಎಲ್ಲಿಯೋ ಇರುವಂತೆ, ಪುಸ್ತಕವೊಂದಕ್ಕೆ ತಕ್ಕ ಓದುಗನೂ ಎಲ್ಲಿಯೋ ಇದ್ದಾನೆ ಎಂಬುದು ಅವುಗಳಲ್ಲಿ ಎರಡರ ಆಶಯ. ಆದುದರಿಂದಲೇ ಪುಸ್ತಕಗಳನ್ನು ಬೀಗ ಹಾಕಿದ ಬೀರುಗಳಲ್ಲಿ ಇಡದೆ, ಓದುಗರು ಕಪಾಟುಗಳ ನಡುವೆ ತಾವೇ ಓಡಾಡಿ ಆರಿಸಿಕೊಳ್ಳುವಂತೆ ತೆರೆದಿಡಬೇಕೆಂದು ಅವರು ವಾದಿಸಿದರು. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಪ್ರಕಾರ ಜನರಿಂದ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ಆ ಪುಸ್ತಕಗಳ ಬೆಲೆಯನ್ನು ನಮ್ಮ ಹಿರಿಯರು ಈಗಾಗಲೇ ತೆತ್ತಿದ್ದಾರೆ. ಹೋಗಿ ಓದುವುದಷ್ಟೇ ಉಳಿದಿದೆ!

ಪುಸ್ತಕವೊಂದು ತನ್ನ ಓದುಗನಿಗಾಗಿ ಶತಮಾನಗಳ ಕಾಲ ಕಾದಿರುವುದೂ ಉಂಟು. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಓಲೆಗರಿಯ ಒಂದು ಕಟ್ಟನ್ನು ತಂದೊಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದಾಗ ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ತಿಳಿದುಬಂದಿತು. ಬಾಣ, ದಂಡಿ ಮೊದಲಾದ ಕವಿಗಳು ಈ ಗ್ರಂಥವನ್ನು ಹೆಸರಿಸಿದ್ದುಂಟು. ಆದರೆ ವಿದ್ವಾಂಸರ ಪಾಲಿಗೆ ಅದು ಹೆಸರಾಗಿಯೇ ಉಳಿದಿತ್ತು, ಗ್ರಂಥವು ಕಣ್ಮರೆಯಾಗಿತ್ತು. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಪ್ರಾಚೀನ ಭಾರತದ ಆಡಳಿತ, ತೆರಿಗೆ, ಗಣಿ, ಅರಣ್ಯ, ಗೂಢಚಾರಿಕೆ ಇವೆಲ್ಲವನ್ನು ಕುರಿತು ಜಗತ್ತಿನ ತಿಳಿವಳಿಕೆಯೇ ಇದರಿಂದ ಬದಲಾಯಿತು. ಕಟ್ಟನ್ನು ತಂದುಕೊಟ್ಟ ಕೈಯೊಂದು, ಬಿಡಿಸಿ ಓದಿದ ಕಣ್ಣೊಂದು ಇಲ್ಲದಿದ್ದರೆ ಆ ಗರಿಗಳು ಹುಳುವಿಗೆ ಆಹಾರವಾಗುತ್ತಿದ್ದವೇನೋ!

ನಮಗೆ ಗ್ರಂಥಾಲಯದ ಬಾಗಿಲು ತೆರೆದಿರುವುದು ಸಹಜವಾಗಿ ಕಾಣುತ್ತದೆ. ಅದು ಎಲ್ಲರಿಗೂ ಸಹಜವಾಗಿರಲಿಲ್ಲ. 1927ರಲ್ಲಿ ಅಮೆರಿಕದ ದಕ್ಷಿಣ ಭಾಗದ ಮೆಂಫಿಸ್ ನಗರದಲ್ಲಿ ರಿಚರ್ಡ್ ರೈಟ್ ಎಂಬ ಕರಿಯ ಯುವಕನಿದ್ದನು. ವಯಸ್ಸು ಹದಿನೆಂಟು ಹತ್ತೊಂಬತ್ತು. ಕನ್ನಡಕದ ಗಾಜು ತಯಾರಿಸುವ ಕಂಪನಿಯಲ್ಲಿ ಸಾಮಾನುಗಳನ್ನು ಸಾಗಿಸುವ ಕೆಲಸ. ಒಂದು ದಿನ ಆತನು ಪತ್ರಿಕೆಯಲ್ಲಿ ಎಚ್. ಎಲ್. ಮೆಂಕೆನ್ ಎಂಬ ಬರಹಗಾರನನ್ನು ಹೀನಾಯವಾಗಿ ನಿಂದಿಸಿದ ಲೇಖನವನ್ನು ಕಂಡನು. ದಕ್ಷಿಣದ ಬಿಳಿಯರು ಇಷ್ಟು ಕಟುವಾಗಿ ನಿಂದಿಸುವುದು ತನ್ನಂಥ ಕರಿಯರನ್ನು ಮಾತ್ರ ಎಂದು ಆತನು ತಿಳಿದಿದ್ದನು. ಒಬ್ಬ ಬಿಳಿಯನನ್ನೇ ಹೀಗೆ ಬೈಯಬೇಕಾದರೆ ಆ ಮನುಷ್ಯನು ಬರೆದಿರುವುದಾದರೂ ಏನು? ಆತನಿಗೆ ಕುತೂಹಲ ಹುಟ್ಟಿತು.

ಆದರೆ ಆ ನಗರದ ಗ್ರಂಥಾಲಯದಲ್ಲಿ ಕರಿಯರಿಗೆ ಪುಸ್ತಕ ಕೊಡುತ್ತಿರಲಿಲ್ಲ. ಬಿಳಿಯ ಒಡೆಯರು ಚೀಟಿ ಬರೆದು ಕಳುಹಿಸಿದರೆ ಅವರಿಗಾಗಿ ಪುಸ್ತಕವನ್ನು ಹೊತ್ತು ತರಬಹುದಾಗಿತ್ತು, ಅಷ್ಟೆ. ರೈಟ್ ಬಹಳ ಯೋಚಿಸಿದನು. ತನ್ನೊಡನೆ ಕೆಲಸ ಮಾಡುತ್ತಿದ್ದ ಬಿಳಿಯರಲ್ಲಿ ಒಬ್ಬನು ಐರಿಷ್ ಮೂಲದ ಕ್ಯಾಥೊಲಿಕ್. ಅವನನ್ನೂ ಇತರ ಬಿಳಿಯರು ತಿರಸ್ಕಾರದಿಂದ ಕಾಣುತ್ತಿದ್ದರು. ರೈಟ್ ಅಳುಕುತ್ತಲೇ ಆತನಲ್ಲಿಗೆ ಹೋಗಿ ಅವನ ಗ್ರಂಥಾಲಯದ ಕಾರ್ಡನ್ನು ಕೇಳಿದನು. ಕಾರ್ಡು ದೊರೆಯಿತು. ಆ ಬಿಳಿಯನೇ ಬರೆದಂತೆ ತೋರುವ ಒಂದು ಚೀಟಿಯನ್ನು ರೈಟ್ ತನ್ನ ಕೈಯಿಂದಲೇ ಬರೆದನು. ಅನುಮಾನ ಬಾರದಿರಲೆಂದು ಆ ಚೀಟಿಯಲ್ಲಿ ತನ್ನನ್ನು ತಾನೇ ಬಿಳಿಯರು ಕರೆಯುವ ಹೀನ ಮಾತಿನಿಂದ ಕರೆದುಕೊಂಡನು! ಗ್ರಂಥಾಲಯದಲ್ಲಿದ್ದ ಮಹಿಳೆಯು ಸಂಶಯದಿಂದ, ಈ ಪುಸ್ತಕಗಳನ್ನು ಓದುವವನು ನೀನೇ ಅಲ್ಲವಷ್ಟೆ ಎಂದು ವಿಚಾರಿಸಿದಳು. ತನಗೆ ಓದಲು ಬರುವುದಿಲ್ಲವೆಂದು ಆತನು ಉತ್ತರಿಸಿದನು. ಮೆಂಕೆನ್ನನ ಎರಡು ಪುಸ್ತಕಗಳು ಆತನ ಕೈಸೇರಿದವು.

ಆ ರಾತ್ರಿ ಬಾಡಿಗೆಯ ಕೋಣೆಯಲ್ಲಿ, ಡಬ್ಬಿಯಲ್ಲಿದ್ದ ಆಹಾರವನ್ನು ನಲ್ಲಿಯ ಬಿಸಿನೀರಿನ ಕೆಳಗೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತ, ರೈಟ್ ಓದತೊಡಗಿದನು. ಮಾತುಗಳನ್ನು ಆಯುಧದಂತೆ ಬಳಸಿ ಹೋರಾಡಬಹುದೆಂಬುದು ಆತನಿಗೆ ಹೊಳೆದದ್ದು ಆಗಲೇ. ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದ ಸಂಗತಿ ಬೇರೊಂದಿದೆ. ಮೆಂಕೆನ್ ವಿಮರ್ಶಕ, ಅವನ ಪುಟಗಳ ತುಂಬ ಬೇರೆ ಲೇಖಕರ ಹೆಸರುಗಳು. ಕಾನ್ರಾಡ್, ಡ್ರೈಸರ್, ದಾಸ್ತೊಯೆವ್‌ಸ್ಕಿ, ಇನ್ನೂ ಎಷ್ಟೋ! ಇವರೆಲ್ಲ ಯಾರು, ಇವರ ಹೆಸರುಗಳನ್ನು ಉಚ್ಚರಿಸುವುದಾದರೂ ಹೇಗೆ ಎಂಬುದು ರೈಟ್‌ಗೆ ತಿಳಿದಿರಲಿಲ್ಲ. ಹೆಸರುಗಳನ್ನು ಹಿಡಿದು ಹೊರಟನು. ಸಿಂಕ್ಲೇರ್ ಲೂಯಿಸನ ‘ಮೇನ್ ಸ್ಟ್ರೀಟ್’ ಕಾದಂಬರಿಯನ್ನು ಓದಿದ ಮೇಲೆ ತನ್ನ ಮೇಲಧಿಕಾರಿಯ ಸ್ವಭಾವ ಆತನಿಗೆ ಮೊದಲ ಬಾರಿಗೆ ಅರ್ಥವಾಯಿತಂತೆ. ಡ್ರೈಸರನ ಕಾದಂಬರಿಗಳನ್ನು ಓದಿದಾಗ ತನ್ನ ತಾಯಿ ಪಟ್ಟ ಪಾಡು ಕಣ್ಣ ಮುಂದೆ ಬಂದಿತಂತೆ. ಪುಸ್ತಕವನ್ನು ಕೆಲಸದ ಸ್ಥಳಕ್ಕೆ ಒಯ್ಯುವಾಗ ಯಾರಿಗೂ ಕಾಣದಿರಲೆಂದು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದನು. ಅದೇ ವರ್ಷದ ಕೊನೆಗೆ ಆತನು ಮೆಂಫಿಸನ್ನು ಬಿಟ್ಟು ಉತ್ತರದ ಶಿಕಾಗೊ ನಗರಕ್ಕೆ ಹೊರಟನು. ಮುಂದೆ 1940ರಲ್ಲಿ ‘ನೇಟಿವ್ ಸನ್’ ಕಾದಂಬರಿಯನ್ನೂ 1945ರಲ್ಲಿ ‘ಬ್ಲ್ಯಾಕ್ ಬಾಯ್’ ಎಂಬ ಆತ್ಮಕಥೆಯನ್ನೂ ಬರೆದು ಅಮೆರಿಕದ ಮುಖ್ಯ ಲೇಖಕರಲ್ಲಿ ಒಬ್ಬನಾದನು. ಇಲ್ಲಿ ಹೇಳಿದ ವೃತ್ತಾಂತವೆಲ್ಲ ಆ ಆತ್ಮಕಥೆಯದೇ.

ರೈಟ್ ಹಿಡಿದ ದಾರಿ ಎಲ್ಲ ಓದುಗರಿಗೂ ತೆರೆದಿರುವ ದಾರಿ. ಒಳ್ಳೆಯ ಪುಸ್ತಕವು ತನ್ನೊಳಗೆ ಇತರ ಪುಸ್ತಕಗಳ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಮುನ್ನುಡಿಯಲ್ಲಿ, ಅಡಿಟಿಪ್ಪಣಿಯಲ್ಲಿ, ಅರ್ಪಣೆಯಲ್ಲಿ, ಕೆಲವೊಮ್ಮೆ ಶೀರ್ಷಿಕೆಯಲ್ಲಿಯೇ ಅದು ಅಡಗಿರುತ್ತದೆ. ನಾವು ಸಾಮಾನ್ಯವಾಗಿ ಹಾರಿಸಿಬಿಡುವ ಪುಟಗಳು ಇವೇ ಎಂಬುದು ವಿಚಿತ್ರ! ಒಂದು ನಿಜವಾದ ಜಾಡನ್ನು ಹಿಡಿದು ಸ್ವಲ್ಪ ದೂರ ನಡೆದು ನೋಡೋಣ.

ಆಫ್ರಿಕದ ನೈಜೀರಿಯ ದೇಶದ ಚಿನುವ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬ ಕಾದಂಬರಿ 1958ರಲ್ಲಿ ಪ್ರಕಟವಾಯಿತು. ಇಗ್ಬೊ ಎಂಬ ಜನಾಂಗದ ಒಂದು ಹಳ್ಳಿ, ಅಲ್ಲಿಯ ಒಕೊಂಕ್ವೊ ಎಂಬ ಛಲವಂತ ಕುಸ್ತಿಪಟು, ಬಿಳಿಯರ ಆಗಮನದಿಂದ ಆ ಬದುಕು ಒಡೆದುಹೋದ ಬಗೆ ಇದರ ವಸ್ತು. ಮೊದಲ ಪುಟಗಳಲ್ಲಿ ಹೆಸರುಗಳು ನಾಲಗೆಗೆ ತೊಡಕೆನಿಸುತ್ತವೆ. ಸ್ವಲ್ಪ ಮುಂದೆ ಹೋದರೆ, ಮನೆಗೆ ಬಂದ ಅತಿಥಿಗೆ ಕೋಲಾ ಎಂಬ ಕಾಯನ್ನು ಒಡೆದು ಹಂಚುವ ಪದ್ಧತಿ ಬರುತ್ತದೆ. ನಮ್ಮಲ್ಲಿ ಎಲೆಯಡಿಕೆಯ ತಟ್ಟೆಯನ್ನು ಮುಂದಿಡುವುದು ನೆನಪಾಗುತ್ತದೆ. ಹಿರಿಯರು ಗಾದೆಯಿಲ್ಲದೆ ಮಾತನ್ನು ಆರಂಭಿಸುವುದಿಲ್ಲ. ನಮ್ಮ ಹಳ್ಳಿಯ ಕಟ್ಟೆಯ ಮೇಲಿನ ಪಂಚಾಯಿತಿ ನೆನಪಾಗುತ್ತದೆ. ನಮ್ಮ ಅಜ್ಜ ಅಜ್ಜಿಯರನ್ನು ಬಲ್ಲವರಿಗೆ ಆ ಹಳ್ಳಿ ಅಷ್ಟೇನೂ ದೂರದ್ದಲ್ಲ. ಹಾಗೆಂದು ಎಲ್ಲವೂ ನಮ್ಮಂತೆಯೇ ಇದೆಯೆಂದು ಭಾವಿಸಲಾಗದು. ಅವರ ದೇವತೆಗಳು ಬೇರೆ, ಗೆಣಸಿನ ಬೆಳೆಯ ಸುತ್ತ ಬೆಳೆದ ಅವರ ಮರ್ಯಾದೆಯ ಕಲ್ಪನೆ ಬೇರೆ. ಕೆಲವು ನಡಾವಳಿಗಳು ನಮ್ಮನ್ನು ಬೆಚ್ಚಿಬೀಳಿಸುತ್ತವೆ. ಈ ಎರಡು ಅನುಭವಗಳೂ ಒಟ್ಟಿಗೆ ಆಗುವುದೇ ಪರದೇಶದ ಪುಸ್ತಕದ ದೊಡ್ಡ ಲಾಭ.

ಈ ಕಾದಂಬರಿಯ ಹೆಸರು ಅಚಿಬೆ ಅವರದಲ್ಲ. ಐರ್ಲೆಂಡಿನ ಕವಿ ಡಬ್ಲ್ಯೂ. ಬಿ. ಯೇಟ್ಸ್‌ನ ಒಂದು ಪದ್ಯದಿಂದ ಅವರು ಅದನ್ನು ಎತ್ತಿಕೊಂಡರು. ಹೆಸರು ಎಲ್ಲಿಂದ ಬಂದಿತೆಂದು ಕೇಳಿದವನು ಆಫ್ರಿಕದಿಂದ ಐರ್ಲೆಂಡಿಗೆ ಬಂದು ನಿಲ್ಲುತ್ತಾನೆ. ಆ ಯೇಟ್ಸ್ ಬರೆದಿರುವ ಇನ್ನೇನಿದೆ ಎಂದು ಹುಡುಕಿದರೆ, 1912ರಲ್ಲಿ ಪ್ರಕಟವಾದ ಇಂಗ್ಲಿಷ್ ‘ಗೀತಾಂಜಲಿ’ಯ ಮುನ್ನುಡಿ ಸಿಗುತ್ತದೆ. ರವೀಂದ್ರನಾಥ ಠಾಕೂರರ ಕವಿತೆಗಳನ್ನು ಪಾಶ್ಚಾತ್ಯ ಓದುಗರಿಗೆ ಪರಿಚಯಿಸಿದವರಲ್ಲಿ ಯೇಟ್ಸ್ ಮುಖ್ಯನು. ಮರುವರ್ಷವೇ ಠಾಕೂರರಿಗೆ ನೊಬೆಲ್ ಬಹುಮಾನ ಬಂದಿತು. ಠಾಕೂರರ ಇತರ ಪುಸ್ತಕಗಳನ್ನು ನೋಡುತ್ತ ಹೋದರೆ, 1915ರಲ್ಲಿ ಅವರು ಕಬೀರನ ನೂರು ಪದ್ಯಗಳನ್ನು ಇಂಗ್ಲಿಷಿಗೆ ತಂದ ಸಂಗತಿ ತಿಳಿಯುತ್ತದೆ. ಕಬೀರನು ಕಾಶಿಯ ನೇಕಾರ. ಮಗ್ಗದ ಮುಂದೆ ಕುಳಿತು ದೇವರನ್ನು ಕುರಿತು ನುಡಿದ ಮತ್ತೊಬ್ಬರು ಯಾರಾದರೂ ಇದ್ದಾರೆಯೆ ಎಂದು ಕೇಳಿದರೆ, ಕಬೀರನಿಗಿಂತ ಶತಮಾನಗಳ ಹಿಂದೆ ನಮ್ಮ ನಾಡಿನಲ್ಲಿಯೇ ಇದ್ದ ಜೇಡರ ದಾಸಿಮಯ್ಯನು ಎದುರಾಗುತ್ತಾನೆ. ಜೇಡರೆಂದರೆ ನೇಯುವವರು. ನೈಜೀರಿಯದಿಂದ ಹೊರಟ ಜಾಡು ಹೀಗೆ ನಮ್ಮ ಮನೆಯ ಬಾಗಿಲಿಗೇ ಬಂದು ಮುಟ್ಟಿತು.

ದಾಸಿಮಯ್ಯನೇ ಮೊದಲಾದ ಶರಣರ ವಚನಗಳು ಇಂದು ಪುಸ್ತಕದಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಇದರ ಹಿಂದೆ ಒಬ್ಬರ ಶ್ರಮವಿದೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಗಳಲ್ಲಿ ಪೂಜೆಗೆಂದು ಇಟ್ಟಿದ್ದ, ಇಲ್ಲವೇ ಅಟ್ಟದ ಮೇಲೆ ಎಸೆದಿದ್ದ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ವಚನಗಳನ್ನು ಅಚ್ಚು ಮಾಡುವುದಕ್ಕಾಗಿ 1925ರಲ್ಲಿ ‘ಹಿತಚಿಂತಕ’ ಎಂಬ ಮುದ್ರಣಾಲಯವನ್ನೇ ತೆರೆದರು; ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಪೂಜೆಯ ಕೋಣೆಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡಿದ್ದ ಆ ಕಟ್ಟುಗಳನ್ನು ಮೊದಲು ಯಾರೂ ಓದುತ್ತಿರಲಿಲ್ಲ. ಹಳಕಟ್ಟಿಯವರ ಬಳಿಕ ನಾಡೇ ಓದಿತು.

ಕೆಲವು ಪುಸ್ತಕಗಳು ಹುಡುಕದೆಯೇ ಬೇರೊಬ್ಬರ ಕೈಯಿಂದ ಬರುತ್ತವೆ. 1904ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ, ಅವರ ಮಿತ್ರ ಹೆನ್ರಿ ಪೋಲಾಕ್ ನಿಲ್ದಾಣಕ್ಕೆ ಬಂದು, ಪ್ರಯಾಣದಲ್ಲಿ ಓದಿರೆಂದು ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಕೈಗಿತ್ತರು. ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣ. ಗಾಂಧೀಜಿಯವರು ಓದಲು ತೊಡಗಿ ಪುಸ್ತಕವನ್ನು ಕೆಳಗಿಡಲಾರದೆ ಹೋದರು; ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಅದು ಕಥೆಯಲ್ಲ, ಅರ್ಥಶಾಸ್ತ್ರದ ಪ್ರಬಂಧಗಳ ಸಂಗ್ರಹ! 1860ರಲ್ಲಿ ಆ ಪ್ರಬಂಧಗಳು ಒಂದು ಮಾಸಪತ್ರಿಕೆಯಲ್ಲಿ ಬರತೊಡಗಿದಾಗ ಇಂಗ್ಲೆಂಡಿನ ಓದುಗರು ಕೆರಳಿದುದರಿಂದ ಅವನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿತ್ತು. ಗಾಂಧೀಜಿಯವರಾದರೋ ಅದನ್ನು ಓದಿದ ಬೆನ್ನಿಗೇ ಡರ್ಬನ್ನಿನ ಸಮೀಪದಲ್ಲಿ ಫೀನಿಕ್ಸ್ ಎಂಬ ಆಶ್ರಮವನ್ನು ಸ್ಥಾಪಿಸಿದರು. 1908ರಲ್ಲಿ ‘ಸರ್ವೋದಯ’ ಎಂಬ ಹೆಸರಿನಿಂದ ಅದರ ಸಾರವನ್ನು ಗುಜರಾತಿಯಲ್ಲಿ ಬರೆದರು. ವಿದ್ಯಾಭ್ಯಾಸದ ಕಾಲದಲ್ಲಿ ಪಠ್ಯಪುಸ್ತಕಗಳ ಹೊರಗೆ ತಾವು ಓದಿದ್ದು ಬಹಳ ಕಡಮೆ ಎಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಬಾಲಕ ಭೀಮರಾವ್ ಅಂಬೇಡ್ಕರರು ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಮುಂಬಯಿಯಲ್ಲಿ ಅವರ ಸಮುದಾಯದವರು ಒಂದು ಅಭಿನಂದನ ಸಭೆಯನ್ನು ಏರ್ಪಡಿಸಿದರು. ಅಲ್ಲಿಗೆ ಬಂದಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮರಾಠಿ ಲೇಖಕರು ತಾವು ಬರೆದ ಬುದ್ಧನ ಜೀವನಚರಿತ್ರೆಯನ್ನು ಹುಡುಗನಿಗೆ ಕಾಣಿಕೆಯಾಗಿ ಕೊಟ್ಟರು. ತಮ್ಮನ್ನು ಬುದ್ಧನ ಕಡೆಗೆ ತಿರುಗಿಸಿದ ಮೊದಲ ಪುಸ್ತಕ ಅದೆಂಬುದನ್ನು ಅಂಬೇಡ್ಕರರು ಕೊನೆಯವರೆಗೂ ಸ್ಮರಿಸಿದರು. 1956ರಲ್ಲಿ ನಾಗಪುರದಲ್ಲಿ ಅವರು ಬೌದ್ಧಧರ್ಮವನ್ನು ಸ್ವೀಕರಿಸಿದರು.

ಹೀಗೆ ಕೈಯಿಂದ ಕೈಗೆ ಕೊಡುವವರಲ್ಲಿ ಅನುವಾದಕರ ಸ್ಥಾನ ದೊಡ್ಡದು. ಓದುಗರು ಅವರ ಹೆಸರನ್ನು ಮರೆಯುವುದೇ ಹೆಚ್ಚು. ಬಿ. ವೆಂಕಟಾಚಾರ್ಯರು ಕನ್ನಡದಲ್ಲಿ ಕಾದಂಬರಿಯೆಂಬುದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಿಗರ ಮುಂದಿಟ್ಟರು. ಅವರ ‘ಭ್ರಾಂತಿವಿಲಾಸ’ದ ವಂಶಾವಳಿಯಂತೂ ಇನ್ನೂ ಸ್ವಾರಸ್ಯವಾಗಿದೆ. ಅದರ ಮೂಲ ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿ ಕೃತಿ; ಅದಕ್ಕೆ ಮೂಲ ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’; ಶೇಕ್ಸ್‌ಪಿಯರನು ಅದನ್ನು ತೆಗೆದುಕೊಂಡದ್ದು ರೋಮಿನ ನಾಟಕಕಾರ ಪ್ಲಾಟಸ್‌ನಿಂದ. ಗುರುತು ಸಿಗದೆ ಗೊಂದಲವೆಬ್ಬಿಸುವ ಅವಳಿ ಸಹೋದರರ ಕಥೆ ಎರಡು ಸಾವಿರ ವರ್ಷಗಳ ಕಾಲ ಭಾಷೆಯಿಂದ ಭಾಷೆಗೆ ನಗುತ್ತ ಬಂದು ಕನ್ನಡವನ್ನು ಸೇರಿತು.

ನಮ್ಮಿಂದ ಹೊರಗೆ ಹೋದ ಪುಸ್ತಕಗಳೂ ಉಂಟು. ಆರನೆಯ ಶತಮಾನದಲ್ಲಿ ಪರ್ಷಿಯದ ದೊರೆ ಖುಸ್ರು ಅನುಷಿರ್ವಾನನ ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯನು ‘ಪಂಚತಂತ್ರ’ವನ್ನು ಪಹ್ಲವಿ ಭಾಷೆಗೆ ಅನುವಾದಿಸಿದನು. ಆ ಅನುವಾದ ಕಳೆದುಹೋಗಿದೆ. ಆದರೆ ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಂದಿದ್ದನು. ಕಥೆಯ ಎರಡು ನರಿಗಳಾದ ಕರಟಕ ದಮನಕರು ಅಲ್ಲಿ ‘ಕಲೀಲ’ ಮತ್ತು ‘ದಿಮ್ನ’ ಆದರು. ಅಲ್ಲಿಂದ ಹೀಬ್ರೂ, ಲ್ಯಾಟಿನ್, ಇಟಾಲಿಯನ್ ಭಾಷೆಗಳನ್ನು ಹಾದು 1570ರಲ್ಲಿ ಥಾಮಸ್ ನಾರ್ತ್ ಎಂಬವನಿಂದ ಇಂಗ್ಲಿಷಿಗೆ ಬಂದಿತು. ಇತ್ತ ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ತನ್ನ ‘ಪಂಚತಂತ್ರ’ವನ್ನು ರಚಿಸಿದನು. ಆ ನರಿಗಳು ಎಷ್ಟು ದೇಶಗಳ ಮಕ್ಕಳನ್ನು ನಗಿಸಿದವೋ ಬಲ್ಲವರಾರು!

ಇನ್ನು, ಓದಲು ಯೋಗ್ಯವಾದ ಪುಸ್ತಕ ಯಾವುದೆಂದು ತಿಳಿಯುವ ಬಗೆ ಹೇಗೆ? ಬಹುಮಾನ ಬಂದ ಪುಸ್ತಕಗಳೆಲ್ಲ ಒಳ್ಳೆಯವಲ್ಲ. ಯಾರೂ ಹೊಗಳದ ಪುಸ್ತಕಗಳೆಲ್ಲ ಕೆಟ್ಟವೂ ಅಲ್ಲ. ಇಪ್ಪತ್ತು ಮೂವತ್ತು ಪುಟಗಳನ್ನು ಗಮನವಿಟ್ಟು ಓದಿದ ಮೇಲೂ ಮನಸ್ಸು ಹತ್ತದಿದ್ದರೆ ಪುಸ್ತಕವನ್ನು ನಾಚಿಕೆಯಿಲ್ಲದೆ ಕೆಳಗಿಡಬಹುದು. ನಾಲ್ಕು ವರ್ಷಗಳ ಅನಂತರ ಅದೇ ಪುಸ್ತಕ ಸೊಗಸಾಗಿ ಕಾಣಬಹುದು. ಮೆಚ್ಚಿದ ಲೇಖಕನನ್ನು ಬೇರೆ ಪ್ರಕಾರಗಳಲ್ಲಿ ಹಿಂಬಾಲಿಸುವುದು ಇನ್ನೊಂದು ಒಳ್ಳೆಯ ಉಪಾಯ. ‘ಚೋಮನ ದುಡಿ’ಯನ್ನು ಮೆಚ್ಚಿದವರು, ಅದೇ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬರೇ ಕುಳಿತು ಬರೆದರೆಂಬುದನ್ನು ಕಂಡು, ವಿಜ್ಞಾನದ ಕಪಾಟಿಗೆ ತಾವಾಗಿಯೇ ನಡೆದುಹೋಗುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿಗಳನ್ನು ಓದಿದವರು ಅವರ ‘ಕಾಡಿನ ಕಥೆಗಳು’ ಸಂಪುಟಗಳನ್ನು ತೆರೆದರೆ, ಅಲ್ಲಿ ಕೆನೆತ್ ಆಂಡರ್ಸನ್ ಸಿಗುತ್ತಾನೆ. ಬೆಂಗಳೂರಿನಲ್ಲಿದ್ದುಕೊಂಡು ದಕ್ಷಿಣ ಭಾರತದ ಕಾಡುಗಳಲ್ಲಿ ಅಲೆದು ಇಂಗ್ಲಿಷಿನಲ್ಲಿ ಬರೆದವನು ಅವನು. ನಮ್ಮದೇ ಕಾಡಿನ ಹುಲಿಗಳು ಇಂಗ್ಲಿಷಿಗೆ ಹೋಗಿ, ತೇಜಸ್ವಿಯವರ ಕೈಹಿಡಿದು ಕನ್ನಡಕ್ಕೆ ಮರಳಿದವು.

ಹಗುರವಾದ ಪುಸ್ತಕಗಳನ್ನು ಹೀನಾಯವಾಗಿ ಕಾಣುವವರು ಉಂಟು. ಈ ವಿಷಯದಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗಿಯ ಸಾಕ್ಷ್ಯವಿದೆ. ಯೆಹೂದಿ ಮನೆತನದ ಆನ್ ಫ್ರಾಂಕ್‌ಗೆ 1942ರ ಜೂನ್ 12ರಂದು ಹದಿಮೂರು ತುಂಬಿತು. ಆ ದಿನ ಆಕೆಗೆ ಒಂದು ದಿನಚರಿ ಪುಸ್ತಕ ಉಡುಗೊರೆಯಾಗಿ ದೊರೆಯಿತು. ಹಾಲೆಂಡ್ ಆಗ ನಾಜಿಗಳ ವಶದಲ್ಲಿತ್ತು. ಮುಂದಿನ ತಿಂಗಳೇ ಆ ಕುಟುಂಬವು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ತಂದೆಯ ಕಚೇರಿಯ ಹಿಂಬದಿಯ ಕೋಣೆಗಳಲ್ಲಿ ಅಡಗಿಕೊಂಡಿತು. ಒಟ್ಟು ಎಂಟು ಜನ. ಬಾಗಿಲು ಹೊರಗಿನವರಿಗೆ ಕಾಣದಂತೆ ಅದರ ಮುಂದೆ ನಿಲ್ಲಿಸಿದ್ದುದು ಪುಸ್ತಕಗಳ ಒಂದು ಕಪಾಟು! ಆ ಕಾಲದ ಡಚ್ ಹುಡುಗಿಯರು ಮೆಚ್ಚಿ ಓದುತ್ತಿದ್ದ ‘ಯೋಪ್ ತೆರ್ ಹ್ಯೂಲ್’ ಎಂಬ ಕಥೆಗಳ ಮಾಲೆ ಆಕೆಗೂ ಪ್ರಿಯವಾಗಿತ್ತು. ಅದರಲ್ಲಿ ಬರುವ ಕಿಟ್ಟಿ ಎಂಬ ಗೆಳತಿಯ ಹೆಸರನ್ನೇ ಇಟ್ಟು, ಆಕೆಗೆ ಪತ್ರ ಬರೆದಂತೆ ಆನ್ ತನ್ನ ದಿನಚರಿಯನ್ನು ಬರೆದಳು. ಪಂಡಿತರು ಗಣನೆಗೆ ತಾರದ ಆ ಹುಡುಗಿಯರ ಕಥೆಗಳಿಲ್ಲದೆ, ಜಗತ್ತೇ ಓದಿದ ಈ ದಿನಚರಿಗೆ ಈ ರೂಪ ಬರುತ್ತಿರಲಿಲ್ಲ.

ಆ ಕೋಣೆಗಳಿಂದ ಹೊರಗೆ ಕಾಲಿಡುವಂತಿರಲಿಲ್ಲ. ಹಗಲು ಜೋರಾಗಿ ಮಾತನಾಡುವಂತಿರಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಮೀಪ್ ಗೀಸ್ ಎಂಬಾಕೆ ಪ್ರಾಣಾಪಾಯವನ್ನು ಲೆಕ್ಕಿಸದೆ ಅವರಿಗೆ ಆಹಾರ ತರುತ್ತಿದ್ದಳು. ಶನಿವಾರ ಬಂದರೆ ಗ್ರಂಥಾಲಯದಿಂದ ಐದು ಪುಸ್ತಕಗಳನ್ನೂ ತರುತ್ತಿದ್ದಳು. ಆ ಪುಸ್ತಕಗಳಿಗಾಗಿ ಎಲ್ಲರೂ ವಾರವೆಲ್ಲ ಕಾಯುತ್ತಿದ್ದರು. ಆನ್‌ಗೆ ಗ್ರೀಕ್ ಮತ್ತು ರೋಮನ್ ಪುರಾಣಗಳ ಹುಚ್ಚು. ರಾಜಮನೆತನಗಳ ವಂಶವೃಕ್ಷಗಳನ್ನು ಬಿಡಿಸುವುದರಲ್ಲಿ ಇನ್ನಿಲ್ಲದ ಆಸಕ್ತಿ. ತಂದೆಯ ಸಲಹೆಯಂತೆ 1943ರಲ್ಲಿ ಬೇರೊಂದು ಪುಸ್ತಕವನ್ನಿಟ್ಟುಕೊಂಡು, ಓದುವಾಗ ಮೆಚ್ಚಿಗೆಯಾದ ಮಾತುಗಳನ್ನು ಅದರಲ್ಲಿ ಪ್ರತಿ ಮಾಡತೊಡಗಿದಳು.

1944ರ ಮೇ 11ರಂದು ತನಗೆ ಎಷ್ಟೊಂದು ಕೆಲಸವಿದೆಯೆಂದು ಆಕೆ ದಿನಚರಿಯಲ್ಲಿ ಪಟ್ಟಿ ಮಾಡಿದ್ದಾಳೆ. ಥೀಸಿಯಸ್, ಆರ್ಫಿಯಸ್, ಹರ್ಕ್ಯುಲಿಸ್ ಮೊದಲಾದವರ ಕಥೆಗಳು ತಲೆಯಲ್ಲಿ ಗೋಜಲಾಗಿವೆ, ಅವನ್ನೆಲ್ಲ ಬಿಡಿಸಿ ಸರಿಪಡಿಸಿಕೊಳ್ಳಬೇಕು. ಗೆಲಿಲಿಯೊನ ಜೀವನಚರಿತ್ರೆಯ ಮೊದಲ ಭಾಗವನ್ನು ಮರುದಿನದೊಳಗೆ ಮುಗಿಸಲೇಬೇಕು. ಅದನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಾಗಿದೆ. ಆಗಸ್ಟ್ 4ರಂದು ನಾಜಿ ಪೊಲೀಸರು ಬಂದು ಎಂಟು ಜನರನ್ನೂ ಬಂಧಿಸಿದರು. ಆನ್ 1945ರ ಆರಂಭದಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಳು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ದಿನಚರಿಯ ಹಾಳೆಗಳನ್ನು ಆಯ್ದು ಮೇಜಿನ ಖಾನೆಯಲ್ಲಿ ಜೋಪಾನವಾಗಿಟ್ಟವಳು ಮೀಪ್ ಗೀಸ್. ಎಂಟು ಜನರಲ್ಲಿ ಬದುಕಿ ಮರಳಿದವರು ಆನ್‌ಳ ತಂದೆಯೊಬ್ಬರೇ. ಮೀಪ್ ಆ ಹಾಳೆಗಳನ್ನು ಅವರ ಕೈಗೆ ಒಪ್ಪಿಸಿದಳು; 1947ರಲ್ಲಿ ಅವು ಪುಸ್ತಕವಾಗಿ ಪ್ರಕಟವಾದವು.